ಇವತ್ತು ಎಷ್ಟು ಚಿಟ್ಟಿಲಿ?

ಹೊಲದ ಚಿಟ್ಟಿಲಿ ಅಂದ್ರೆ ಹತ್ತು ಗ್ರಾಂ. ಒಂದೆರಡು ಆಚೆ ಈಚೆ ಇರಬಹುದು. ಬಾಲ ಬಿಟ್ರೆ ನನ್ನ ಹೆಬ್ಬೆರಳಷ್ಟು ಉದ್ದ. ಅಲ್ಲ ಅನ್ನೋರಿದ್ರೆ ನನ್ನ ಹತ್ರ ಕಳಿಸಿ. ಕೃಷಿ ಸಂಶೋಧನೆಯ ಹೊಲದಲ್ಲಿ ಮೂವತ್ತೊಂದು ವರ್ಷ ಬೋನಿಟ್ಟು, ಸಿಕ್ಕಿದ್ದನ್ನ ಚೀಲಕ್ಕೆ ಹಾಕಿ ತೂಗಿ, ಚೀಲದ ತೂಕ ಕಳೆದು, ಸಾಹೇಬರಿಗೆ ಕೂಗಿ ಹೇಳಿ ಬರೆಸಿದೋನು ನಾನು, ಹೇರೋಹಳ್ಳಿ ದೊಡ್ಡಹನುಮಯ್ಯ.

ಈ ಲೆಕ್ಕ ರಿಟೈರಾದ ಮೇಲೆ ಕೆಲಸಕ್ಕೆ ಬಂತು. ಮಗಳು ಮಾಲಾಗೆ ಏಳನೇ ತಿಂಗಳಲ್ಲೇ ಹೆರಿಗೆ ಆಗೋಯ್ತು. ಹೆಣ್ಣುಮಗು, ಒಂದು ಕೆ.ಜಿ. ಮೇಲೆ ನೂರೈವತ್ತು ಗ್ರಾಂ. ವಿಜಯನಗರದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ರು. ತೂಕ ಏರ್ತಾ ಹೋದ್ರೆ ಉಳೀತಾಳೆ ಅಂದ್ರು ಡಾಕ್ಟರಮ್ಮ. ದಿನಾ ಬೆಳಿಗ್ಗೆ ತೂಗೋರು. ನಾನು ಒಳಗೆ ಹೋಗಿ ಅಂಕಿ ನೋಡ್ಕೊಂಡು, ಹೊರಗೆ ಬೆಂಚಿನ ಮೇಲೆ ಕೂತ ಮನೆಯೋರಿಗೆ ಬಂದು ಹೇಳ್ಬೇಕು.

ಅಡ್ಡಗಾಲು ಹಾಕಿದ್ದು ನನ್ನ ಹೆಂಡ್ತಿ ಅಂಜಮ್ಮ. "ಮಗು ತೂಕ ಬಾಯ್ಬಿಟ್ಟು ಹೇಳ್ಬೇಡಿ. ಇಷ್ಟು ಜನ ಕೂತಿದಾರೆ, ದೃಷ್ಟಿ ತಗಲುತ್ತೆ."

"ಹೇಳ್ದೆ ಇದ್ರೆ ನಿಂಗೆ ಹೆಂಗೆ ಗೊತ್ತಾಗೋದೇ?" ಅಂತ ರೇಗ್ದೆ. ಕೊನೆಗೆ ದಾರಿ ಹುಡುಕಿದ್ದೂ ನಾನೇ. ಇಪ್ಪತ್ತು ಗ್ರಾಂ ಏರಿದ್ರೆ "ಎರಡು ಚಿಟ್ಟಿಲಿ". ಹದಿನೈದಾದ್ರೆ "ಒಂದೂವರೆ". ಪಕ್ಕದ ಬೆಂಚಿನ ಆಂಟಿ ಒಬ್ರು, "ಅಯ್ಯೋ, ಇಲ್ಲಿ ದಿನಾ ಇಲಿ ಬರ್ತಾವಾ ಅಣ್ಣಾ?" ಅಂತ ಕಾಲು ಮೇಲೆತ್ತಿ ಕೂತ್ಬಿಟ್ರು. ಅಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹೆರಿಗೆ ಆದ್ಮೇಲೆ ಅವಳು ನಕ್ಕಿದ್ದು ಅವತ್ತೇ.

ಹದಿನೆಂಟನೇ ದಿನ ನರ್ಸಮ್ಮ ಎರಡು ಸಲ ತೂಗಿದ್ರು. ನಲವತ್ತು ಗ್ರಾಂ ಇಳಿದಿತ್ತು. ಕುಡಿದ ಹಾಲು ದಕ್ತಾ ಇಲ್ಲ ಅಂದ್ರು. ಹೊರಗೆ ಬಂದು, "ಎರಡು" ಅಂದೆ.

"ಸುಳ್ಳು ಹೇಳೋವಾಗೆಲ್ಲ ಕಿವಿ ಕೆರ್ಕೊಂತೀರಿ ನೀವು," ಅಂದ್ಲು ಅಂಜಮ್ಮ. "ನಿಜ ಹೇಳಿ."

"ನಾಲ್ಕು ಓಡೋದ್ವು ಕಣೇ."

ನಾಚಿಕೆ ಬಿಟ್ಟು ಅಲ್ಲೇ ಬೆಂಚಿನ ಮೇಲೆ ಕೂತು ಇಬ್ರೂ ಅತ್ವಿ.

ಮಗುನ ಬರೀ ಎದೆ ಮೇಲೆ ಹಾಕ್ಕೊಂಡು ಗಂಟೆಗಟ್ಲೆ ಕೂರ್ಬೇಕು, ಮೈ ಶಾಖಕ್ಕೆ ಚೇತರಿಸಿಕೊಳ್ಳುತ್ತೆ ಅಂದ್ರು ಡಾಕ್ಟರಮ್ಮ. ಮಾಲಾಗೆ ಜ್ವರ. ಅಳಿಯ ಜೀವನ್‌ಗೆ ನೆಗಡಿ, ಒಳಗೇ ಬಿಡಲ್ಲ. ಅಂಜಮ್ಮ ನನ್ನ ಮುಖ ನೋಡಿದ್ಲು.

"ನಾನಾ? ಇಲಿ ಹಿಡಿದ ಕೈ ಇದು!"

"ಒಂದನ್ನಾದ್ರೂ ಹಿಸುಕಿದೀರಾ? ಹೋಗಿ ಸುಮ್ನೆ. ನಂಗೆ ಧೈರ್ಯ ಸಾಲಲ್ಲ."

ಮೊಣಕೈವರೆಗೂ ಸೋಪು ಹಾಕಿ ತೊಳೆದು, ಅಂಗಿ ಬಿಚ್ಚಿ ಕೂತೆ. ನರ್ಸಮ್ಮ ಮಗುನ ತಂದು ಎದೆ ಮೇಲಿಟ್ಟು, ಮೇಲೊಂದು ಬಟ್ಟೆ ಸುತ್ತಿದ್ರು. ಉಸಿರಾಡೋಕೂ ಭಯ ನಂಗೆ. ಸ್ವಲ್ಪ ಹೊತ್ತಿಗೆ ಅವಳ ಮುಷ್ಟಿಗೆ ನನ್ನ ಎದೆಯ ಬಿಳಿಕೂದಲು ಸಿಕ್ತು. ಹಿಡ್ಕೊಂಡು ಎಳೆದ್ಲು. ಉರೀತು. ಎಳಿ ನನ್ನವ್ವ, ಎಷ್ಟು ಬೇಕೋ ಅಷ್ಟು ಎಳಿ ಅಂದೆ. ಅಲ್ಲಿವರೆಗೂ ಅವಳನ್ನ ನೆಟ್ಟಗೆ ನೋಡೇ ಇರ್ಲಿಲ್ಲ ನಾನು. ತಕ್ಕಡಿ ಅಂಕಿನೇ ನೋಡ್ತಿದ್ದೆ. ಹೋಗ್ಬಿಟ್ರೆ ಅನ್ನೋ ಹೆದರಿಕೆ.

ನಾಲ್ಕು ದಿನ ಹಂಗೇ ಕೂತೆ. ಸೊಂಟ ಬಿದ್ದೋಯ್ತು. ಐದನೇ ಬೆಳಿಗ್ಗೆ ತೂಗಿದ್ರು, ನಾನು ಆಚೆ ಬಂದೆ.

ಅಂಜಮ್ಮ ಎದ್ದು ನಿಂತು, "ಎಷ್ಟು ಚಿಟ್ಟಿಲಿ?" ಅಂದ್ಲು.

"ಚಿಟ್ಟಿಲಿ ಅನ್ಬೇಡ ಕಣೇ ಅವಳನ್ನ," ಅಂದೆ. "ನನ್ನ ಮೊಮ್ಮಗಳು. ಮೂವತ್ತು ಗ್ರಾಂ ಏರಿದಾಳೆ!"

ಅಷ್ಟು ಜನರ ಮುಂದೆ ಕೂಗೇ ಹೇಳಿದ್ದೆ. ಅಂಜಮ್ಮ ಬೈಯಲಿಲ್ಲ. ಹತ್ರ ಬಂದು, ನನ್ನ ಮುಖ ನೀವಿ, ನೆಟಿಗೆ ಮುರಿದ್ಲು.