ನೆಂಟರ ಗ್ಯಾಸು

ಗಂಗೆಯ ಮನೆಯಲ್ಲಿ ಗ್ಯಾಸಿದೆಯೆಂದು ಕಿರವತ್ತಿಯಲ್ಲಿ ಅರ್ಧ ಊರಿಗೆ ಗೊತ್ತಿತ್ತು. ಅದು ಉರಿದದ್ದನ್ನು ಕಂಡವರು ಮಾತ್ರ ಬೆರಳೆಣಿಕೆಯ ಜನ.

ತೊಂಬತ್ತೆಂಟನೆಯ ಇಸವಿಯ ಮಾತು. ಹೈವೇ ಢಾಬಾಗಳ ಹಿಂದಿನ ಓಣಿಯಲ್ಲಿ ಅವರದೊಂದು ಬಾಡಿಗೆ ಮನೆ. ಮುಂದೊಂದು ಕೋಣೆ, ಹಿಂದೊಂದು ತಗ್ಗು ಮಾಡಿನ ಅಡುಗೆಮನೆ, ಅಷ್ಟೇ. ಗಂಡ ಸುಭಾಷ ಊರ ಹೊರಗಿನ ಕಟ್ಟಿಗೆ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವನು. ಐದು ವರ್ಷದ ಮಗಳು ರೋಹಿಣಿ; ತೊಟ್ಟಿಲಲ್ಲಿ ಎಂಟು ತಿಂಗಳ ಗಂಡು ಕೂಸು. ಮಿಲ್ಲಿನ ಮಾಲಕರು ಯಾರಿಗೋ ಹೇಳಿ ಕೊಡಿಸಿದ ಗ್ಯಾಸನ್ನು ಗಂಗೆ ಅಡುಗೆಮನೆಯಲ್ಲಿ ಇಡಲಿಲ್ಲ. ಹೊಗೆಗೆ ಕಪ್ಪಾದೀತೆಂದು ಮುಂದಿನ ಕೋಣೆಯಲ್ಲೇ ಮೇಜು ಹಾಕಿ, ಅದರ ಮೇಲೆ ಒಲೆ ಇಟ್ಟು, ತಾನೇ ಕಸೂತಿಯಲ್ಲಿ ಎರಡು ಗಿಳಿ ತೆಗೆದ ಬಟ್ಟೆ ಹೊದೆಸಿದಳು. ನೆಂಟರು ಬಂದರೆ ಬಟ್ಟೆ ತೆಗೆಯುವುದು, ಚಹಾ ಕುದಿಸುವುದು, ಒರೆಸಿ ಮತ್ತೆ ಹೊದೆಸುವುದು. ಒಂದೇ ಸಿಲಿಂಡರು ಎರಡನೆಯ ವರ್ಷಕ್ಕೆ ಕಾಲಿಟ್ಟಿತ್ತು.

ಲೈಟರಿನ ಟಿಕ್ ಟಿಕ್ ಸದ್ದು ಕೇಳಿದರೆ ಸಾಕು, ರೋಹಿಣಿ ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಬಾಗಿಲ ಹಿಂದೆ ಸುತ್ತಿಟ್ಟ ಚಾಪೆ ಎಳೆದು ಹಾಸಿ, ಮೂಲೆ ಸರಿಮಾಡಿ, "ಬರ್ರಿ, ಕುಂದರ್ರಿ" ಎಂದು ದೊಡ್ಡವರ ಹಾಗೆ ಹೇಳುತ್ತಿದ್ದಳು. ಗ್ಯಾಸು ಹೊತ್ತಿತೆಂದರೆ ಯಾರೋ ಬಂದಿದ್ದಾರೆ ಎಂದೇ ಆ ಮಗುವಿನ ಲೆಕ್ಕ. ಬಂದವರು ನಗುತ್ತಿದ್ದರು. ಗಂಗೆಗೂ ಹೆಮ್ಮೆಯಾಗುತ್ತಿತ್ತು.

ಉಳಿತಾಯದಲ್ಲಿ ಗಂಗೆಯನ್ನು ಮೀರಿಸುವವರು ಆ ಓಣಿಯಲ್ಲಿ ಇರಲಿಲ್ಲ. ಬಟ್ಟೆ ಸಾಬೂನನ್ನು ದಾರ ಹಾಕಿ ನಾಲ್ಕು ಮಾಡುವಳು. ಹಾಲಿನ ಪಾತ್ರೆ ತೊಳೆದ ನೀರನ್ನು ಚಹಾಕ್ಕೆ ಸುರಿಯುವಳು. ಮಗಳಿಗೆ ಫ್ರಾಕು ತೆಗೆದರೆ ಮೊಣಕಾಲಿನಿಂದ ಗೇಣು ಕೆಳಗಿನದೇ ಆಗಬೇಕು. ಮಡಿಚಿ ಹೊಲಿದು, ವರ್ಷಕ್ಕೊಂದು ಮಡಿಕೆ ಬಿಚ್ಚುವಳು. ರೋಹಿಣಿಯ ಹಸಿರು ಫ್ರಾಕಿನ ಅಂಚಿನಲ್ಲಿ ಮೂರು ಬಣ್ಣದ ಮೂರು ಪಟ್ಟಿ ಕಾಣುತ್ತಿದ್ದವು, ಬಿಸಿಲು ಕಂಡದ್ದು, ಅರ್ಧ ಕಂಡದ್ದು, ಕಾಣದ್ದು. ಇಷ್ಟಾದರೂ ಅವಳನ್ನು ಜಿಪುಣಿ ಎನ್ನುವ ಹಾಗಿಲ್ಲ. ಜಿಪುಣರು ಕೂಡಿಡುವುದಕ್ಕಾಗಿ ಕೂಡಿಡುತ್ತಾರೆ. ಗಂಗೆ ಕೂಡಿಡುತ್ತಿದ್ದದ್ದು ಕೆರಿಯಪ್ಪ ಎಂಬ ರೈತನ ಹೊಲದ ಬದಿಯ ಎರಡು ಗುಂಟೆಗೆ. ಮುಂಗಡ ಕೊಟ್ಟಾಗಿತ್ತು. ದೀಪಾವಳಿಯ ಒಳಗೆ ಉಳಿದದ್ದನ್ನು ಕೊಟ್ಟರೆ ಬರೆದುಕೊಡುತ್ತೇನೆ ಎಂದಿದ್ದ. ಹನಿ ಹನಿ ಕೂಡಿದರೆ ಹಳ್ಳ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ. ಆ ಹನಿ ಎಲ್ಲಿಂದ ಬರುತ್ತದೆಂದು ಮಾತ್ರ ಅವರು ಹೇಳಿಲ್ಲ.

ಅವಳ ದೊಡ್ಡ ಉಳಿತಾಯವೆಂದರೆ ಹೊಟ್ಟಿನ ಒಲೆ. ಅಗಲ ಬಾಯಿಯ ತಗಡಿನ ಡಬ್ಬಿಯ ಬುಡದಲ್ಲಿ ಒಂದು ತೂತು. ನಡುವೆ ಬಾಟಲಿ ನಿಲ್ಲಿಸಿ, ಸುತ್ತಲೂ ಗರಗಸದ ಹೊಟ್ಟನ್ನು ಹಾಕಿ ಒನಕೆಯಲ್ಲಿ ಹದವಾಗಿ ಜಡಿಯಬೇಕು. ಬಾಟಲಿಯನ್ನು ತಿರುವಿ ಮೇಲೆ ಎಳೆದರೆ ನಡುವೆ ಕೊಳವೆ ಉಳಿಯುತ್ತದೆ. ಬುಡದಿಂದ ಬೆಂಕಿ ತೋರಿಸಿದರೆ ಅನ್ನ ಸಾರು ಎಲ್ಲ ಆಗಿ, ಸಂಜೆಯ ತನಕ ಬೆಚ್ಚಗಿರುತ್ತದೆ. ಸಡಿಲ ಜಡಿದರೆ ಕುಸಿಯುತ್ತದೆ, ಬಿಗಿ ಜಡಿದರೆ ಹೊಗೆಯುತ್ತದೆ. ಗಂಗೆಯ ಕೈಗೆ ಆ ಹದ ಬಂದಿತ್ತು. ಹೊಟ್ಟು ಮಿಲ್ಲಿನದು, ಕೆಲಸದವರ ಮನೆಗೆ ಪುಕ್ಕಟೆ. ಶನಿವಾರ ಹೆಂಗಸರು ಗೋಣಿಚೀಲ ಹಿಡಿದು ಹೋಗಿ ತುಂಬಿಕೊಂಡು ಬರುವುದು ರೂಢಿ.

ಆ ವರ್ಷ ಬೇಸಿಗೆಯ ಕೊನೆಗೆ ಇಟ್ಟಿಗೆ ಭಟ್ಟಿಯವರು ಬಂದು ಹೊಟ್ಟನ್ನು ಕೊಳ್ಳತೊಡಗಿದರು. ಮಾರುವ ಮಾಲಿಗೆ ಪುಕ್ಕಟೆ ಯಾರು ಕೊಡುತ್ತಾರೆ? ಮಾಲಕರು ಚೀಲಕ್ಕೆ ಮೂರು ರೂಪಾಯಿ ಹಾಕಿದರು. ಗಂಗೆಗೆ ಇದು ಎದೆಗೆ ಒದ್ದ ಹಾಗಾಯಿತು. ಆ ಶನಿವಾರ ಖಾಲಿ ಚೀಲ ಹಿಡಿದು ನಿಂತವಳಿಗೆ ಬೇಲಿಯ ಮೂಲೆಯಲ್ಲಿ ಬೇರೆಯಾಗಿ ಸುರಿದ ಒಂದು ರಾಶಿ ಕಂಡಿತು. ಅದನ್ನು ಭಟ್ಟಿಯವರೂ ಒಯ್ದಿರಲಿಲ್ಲ.

ಮಿಲ್ಲಿನ ಕಸ ಗುಡಿಸುವ ಮುದುಕ ಹುಚ್ಚಜ್ಜ ಕೂಗಿ ಹೇಳಿದ. "ತಂಗೀ, ಆ ರಾಶಿ ಮುಟ್ಟಬ್ಯಾಡ. ಅದು ಹೊಲಗೇರದ್ದು."

ಹೊಲಗೇರು ಮರವೆಂದರೆ ಆ ಕಡೆಯ ಮಕ್ಕಳಿಗೂ ಗೊತ್ತು. ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ, ಮುಖ ಊದುತ್ತದೆ. ಮಳೆಗೆ ಅದರ ಕೆಳಗೆ ನಿಲ್ಲಲೂ ಜನ ಹೆದರುತ್ತಾರೆ. ಪ್ಯಾಕಿಂಗ್ ಪೆಟ್ಟಿಗೆಗೆಂದು ಅದನ್ನು ಕೊಯ್ಯುವ ದಿನ ಸುಭಾಷ ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗುತ್ತಿದ್ದ. ಆ ಎಣ್ಣೆಯನ್ನು ಚಮಚದಲ್ಲಿ ಅಳೆದು ಕೊಡುತ್ತಿದ್ದವಳು ಗಂಗೆಯೇ.

"ಗಿಡದಾಗ ಇದ್ದಾಗ ಸೊನಿ ಇರ್ತೈತಿ ಅಜ್ಜ. ಕೊಯ್ದು ಒಣಗಿದ ಮ್ಯಾಲೆ ಎಲ್ಲಿಂದ ಬರಬೇಕು?"

"ಹಾವು ಸತ್ತರೂ ಹಲ್ಲು ಹಲ್ಲ ಅಲ್ಲೇನು?"

"ಎರಡು ತಿಂಗಳ ಬಿಸಿಲು ತಿಂದೈತಿ ಅದು. ನಾ ಏನ ಮೈಗೆ ಬಳಕೋತೀನೇನು, ಬೆಂಕ್ಯಾಗ ಹಾಕ್ತೀನಿ. ಬೆಂಕಿಗೆ ಯಾವ ವಿಷ ಉಳೀತೈತಿ?"

ಮುದುಕ ತಲೆಯಾಡಿಸಿ ಮತ್ತೆ ಕಸಬರಿಗೆ ಹಿಡಿದ. ಗಂಗೆ ಕೈಗೆ ಸೆರಗು ಸುತ್ತಿಕೊಂಡು ಎರಡು ಚೀಲ ತುಂಬಿದಳು. ಬೆಂಕಿ ಎಲ್ಲವನ್ನೂ ಶುದ್ಧ ಮಾಡುತ್ತದೆ ಎಂದು ಅವಳಿಗೆ ಕಲಿಸಿದವರು ದೊಡ್ಡ ದೊಡ್ಡವರೇ. ಹೊಗೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಮನೆಗೆ ಬಂದವಳು ಮೊದಲು ತಂದು ಉಳಿದಿದ್ದ ಒಳ್ಳೆಯ ಹೊಟ್ಟು ಒಂದು ಪಾಲು, ಇದು ಒಂದು ಪಾಲು ಬೆರೆಸಿದಳು. ಎರಡು ದಿನ ಕಣ್ಣು ಉರಿಯಿತು. ಮೂರನೆಯ ದಿನಕ್ಕೆ ರೂಢಿಯಾಯಿತು. ಸುಭಾಷನಿಗೆ ಹೇಳಲಿಲ್ಲ. ಹಗಲೆಲ್ಲ ಮರದ ಹುಡಿ ಸೇದುವವನ ಮೂಗಿಗೆ ಯಾವ ವಾಸನೆ ತಿಳಿಯಬೇಕು?

ಜೂನಿನಲ್ಲಿ ಮಳೆ ಹಿಡಿಯಿತು. ಅಡುಗೆಮನೆಯ ಕಿಟಕಿಗೆ ಗೋಣಿತಾಟು ಕಟ್ಟಿದರು. ಮುಂದಿನ ಕೋಣೆಯಲ್ಲಿ ತೊಟ್ಟಿಲಿತ್ತು. ರೋಹಿಣಿಗೆ ಥಂಡಿಯಾಗಿ ಕೆಮ್ಮು ಹತ್ತಿತು; ಅವಳು ಕೆಮ್ಮಿದರೆ ಕೂಸು ಎದ್ದು ಅಳುತ್ತಿತ್ತು. ಹಾಗಾಗಿ ಗಂಗೆ ಮಗಳ ಹಾಸಿಗೆಯನ್ನು ಅಡುಗೆಮನೆಯ ಹೊಟ್ಟಿನ ಒಲೆಯ ಪಕ್ಕಕ್ಕೆ ಹಾಕಿದಳು. ಮನೆಯಲ್ಲೇ ಬೆಚ್ಚನೆಯ ಜಾಗ ಅದು. ಥಂಡಿಗೆ ಬೆಚ್ಚಗಿರಬೇಕು ಎಂಬುದರಲ್ಲಿ ಯಾರಿಗೆ ಅನುಮಾನ? ಕೆಮ್ಮು ಹೆಚ್ಚಿದಷ್ಟೂ ತಾಯಿ ಒಲೆಗೆ ಹೊಟ್ಟು ಹೆಚ್ಚು ಜಡಿದಳು. ಸಂಬಾರಸೊಪ್ಪಿನ ರಸ ಕುಡಿಸಿದಳು. ಅದೇ ಒಲೆಯ ಮೇಲೆ ನೀರು ಕುದಿಸಿ, ಮಗುವಿನ ತಲೆಯ ಮೇಲೆ ಕಂಬಳಿ ಹೊದೆಸಿ, ಹಬೆ ಕೊಟ್ಟಳು. ಹಬೆಯ ಜೊತೆ ಇನ್ನೇನು ಒಳಗೆ ಹೋಗುತ್ತಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ, ಆದರೆ ಯಾರ ಮೇಲೆ ಎಂದು ತಿಳಿಯುವುದಿಲ್ಲ. ಅಷ್ಟು ಪ್ರೀತಿಯಿಂದ ಆ ಮಗುವನ್ನು ಬೇರೆ ಯಾರೂ ನೋಡಿಕೊಳ್ಳುತ್ತಿರಲಿಲ್ಲ.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ರೋಹಿಣಿ ಎದ್ದಾಗ ಅವಳ ಕಣ್ಣು ತೆರೆಯಲಿಲ್ಲ. ರೆಪ್ಪೆ ಊದಿ ಮುಚ್ಚಿಕೊಂಡಿದ್ದವು. ತುಟಿ ದಪ್ಪವಾಗಿತ್ತು. ಉಸಿರು ಎಳೆದಾಗ ಎದೆಯೊಳಗಿನಿಂದ ಸೀಟಿಯ ಸದ್ದು ಬರುತ್ತಿತ್ತು. ಮರ ನೋಡಲು ಸುಭಾಷ ಮಾಲಕರೊಡನೆ ಯಲ್ಲಾಪುರದ ಡಿಪೋಕ್ಕೆ ಹೋಗಿದ್ದ. ಗಂಗೆ ಕೂಸನ್ನು ಪಕ್ಕದ ಮನೆಯ ಪರಿಮಳಾಬಾಯಿಗೆ ಕೊಟ್ಟು, ಮಗಳನ್ನು ಎತ್ತಿಕೊಂಡು ಮಿಲ್ಲಿಗೆ ಓಡಿದಳು. ಹುಚ್ಚಜ್ಜ ಮುಖ ನೋಡಿದ ಕೂಡಲೇ ಕಸಬರಿಗೆ ಕೆಳಗಿಟ್ಟ.

"ಹೊಲಗೇರು ಬಡದೈತಿ. ತಾರಿ ಮರಕ್ಕ ಮೂರು ಸುತ್ತ ಹಾಕ್ಸಿ, ಎಲಿ ಅರದು ಹಚ್ಚು, ಮೈಮ್ಯಾಲಿಂದು ಇಳೀತೈತಿ. ಆದರ ಉಸಿರು ಕೇಳಾಕತ್ತೀ ಇಲ್ಲೋ? ಅದು ಮರಕ್ಕ ಇಳಿಯೂದಲ್ಲ. ದವಾಖಾನಿಗೆ ಹೋಗು ಮದ್ಲ."

ಗಂಗೆ ಎರಡೂ ಮಾತು ಕೇಳಿಸಿಕೊಂಡಳು. ಒಂದು ಮಾತಿಗೆ ದುಡ್ಡು ಬೇಕಿರಲಿಲ್ಲ. ಊರಾಚೆಯ ತಾರೆ ಮರದ ತನಕ ಮಳೆಯಲ್ಲಿ ನಡೆದು, ಮಗುವನ್ನು ಎತ್ತಿಕೊಂಡು ಮೂರು ಸುತ್ತು ಹಾಕಿ, ಎಲೆ ಕಿತ್ತುಕೊಂಡು ಬಂದಳು. ಅರೆದು ಮುಖಕ್ಕೆ ಹಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಸ್ವಲ್ಪ ತೆರೆಯಿತು. ಇಳಿಯಿತು, ಇಳಿಯಿತು ಎಂದು ಅವಳು ಸಮಾಧಾನ ತಂದುಕೊಂಡಳು.

ಸುದ್ದಿ ಓಣಿಯಲ್ಲಿ ಹರಡಿತು. ಪರಿಮಳಾಬಾಯಿ ಬಂದಳು, ಅವಳ ಹಿಂದೆ ಇನ್ನೂ ಮೂವರು ಬಂದರು. ಬಂದವರನ್ನು ಹಾಗೇ ಕಳಿಸಲಾಗುತ್ತದೆಯೇ? ಗಂಗೆ ಗಿಳಿಗಳ ಬಟ್ಟೆ ತೆಗೆದು ಗ್ಯಾಸು ಹೊತ್ತಿಸಿದಳು. ಲೈಟರಿನ ಸದ್ದಿಗೆ ರೋಹಿಣಿ ಅಡುಗೆಮನೆಯ ಹಾಸಿಗೆಯಿಂದ ಏಳಲು ನೋಡಿದಳು. ಅರ್ಧ ಎದ್ದವಳು ಗೋಡೆ ಹಿಡಿದು ನಿಂತಳು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ತುಟಿ ನೀಲಿಗೆ ತಿರುಗಿತ್ತು.

ಚಹಾ ಉಕ್ಕಿ ಒಲೆಯೆಲ್ಲ ಹರಿಯಿತು. ಪರಿಮಳಾಬಾಯಿಯೇ ಹೈವೇಗೆ ಓಡಿ, ಢಾಬಾದ ಮುಂದೆ ನಿಂತಿದ್ದ ಜೀಪಿನವನ ಕಾಲು ಹಿಡಿದಳು. ಯಲ್ಲಾಪುರದ ದವಾಖಾನೆಯಲ್ಲಿ ಆಮ್ಲಜನಕ ಕೊಟ್ಟು, ಅದೇ ಸಂಜೆ ಹುಬ್ಬಳ್ಳಿಗೆ ಕಳಿಸಿದರು. ಸುಭಾಷ ಯಲ್ಲಾಪುರದಲ್ಲೇ ಸೇರಿಕೊಂಡ.

ಹುಬ್ಬಳ್ಳಿಯಲ್ಲಿ ನಾಲ್ಕನೆಯ ದಿನ ಮಗು ಕಣ್ಣು ಬಿಟ್ಟು ನೀರು ಕೇಳಿತು. ಡಾಕ್ಟರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಇಬ್ಬರನ್ನೂ ಹತ್ತಿರ ಕರೆದು ಕೇಳಿದರು. "ಮನ್ಯಾಗ ಏನು ಉರಸ್ತೀರಿ?"

"ಹೊಟ್ಟಿನ ಒಲಿ ಐತ್ರಿ," ಸುಭಾಷ ಹೇಳಿದ. "ಆದರ ಒಳ್ಳೆ ಹೊಟ್ಟರೀ. ಮತ್ತಿ, ಸಾಗವಾನಿ. ನಾ ಮಿಲ್ಲಿನಾಗ ಇರಾಂವ, ನನಗ ಗೊತ್ತೈತ್ರಿ."

ಗಂಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಮಂಚದ ಮೇಲೆ ಮಗುವಿನ ಪಕ್ಕೆಲುಬು ಏಳುವುದು ಬೀಳುವುದು ಕಾಣುತ್ತಿತ್ತು.

"ಅರ್ಧ ಹೊಲಗೇರದ್ದು ಹಾಕ್ತಿದ್ದೆರಿ," ಅಂದಳು.

ಡಾಕ್ಟರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಮಗುವಿನ ಎದೆ ಮೊದಲಿನ ಹಾಗಾಗುವುದು ಕಷ್ಟ, ಹೊಗೆ ಇನ್ನು ತಾಗಲೇಬಾರದು, ಮಳೆಗಾಲದಲ್ಲಿ ಹೀಗೆ ಮತ್ತೆ ಬಂದೀತು, ಔಷಧಿ ವರ್ಷಾನುಗಟ್ಟಲೆ ಬೇಕಾದೀತು ಎಂದು ಒಂದೊಂದಾಗಿ ಹೇಳಿ ಹೋದರು. ಗಂಡ ಬೈಯಬಹುದು, ಹೊಡೆಯಲೂಬಹುದು ಎಂದು ಗಂಗೆ ಕಾದಳು. ಹೊಡೆದಿದ್ದರೆ ಹಗುರವಾಗುತ್ತಿತ್ತು.

"ಚೀಲಕ್ಕ ಎಷ್ಟ ಉಳೀತು?" ಸುಭಾಷ ಕೇಳಿದ.

"ಮೂರು ರೂಪಾಯಿ."

ಗ್ಯಾಸು ಎರಡನೆಯ ವರ್ಷಕ್ಕೂ ಬಂತು ಎಂದು ಮಿಲ್ಲಿನಲ್ಲಿ ಹತ್ತು ಜನರ ಮುಂದೆ ಹೇಳಿಕೊಂಡು ತಿರುಗಿದವನು ತಾನೇ ಎಂಬುದು ಅವನಿಗೂ ನೆನಪಾಗಿರಬೇಕು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದ.

ಹನ್ನೊಂದು ದಿನದ ಮೇಲೆ ಕಿರವತ್ತಿಗೆ ಮರಳಿದರು. ಪೋಸ್ಟಿನಲ್ಲಿ ಇಟ್ಟ ದುಡ್ಡು ಮುಗಿದಿತ್ತು. ಕೆರಿಯಪ್ಪ ಒಳ್ಳೆಯವನು, ಮುಂಗಡವನ್ನು ಪೂರಾ ತಿರುಗಿ ಕೊಟ್ಟ. ಎರಡು ಗುಂಟೆ ಬೇರೆಯವರಿಗೆ ಹೋಯಿತು. ಸುಭಾಷ ಮನೆಗೆ ಬಂದವನೇ ಹೊಟ್ಟಿನ ಡಬ್ಬಿಯನ್ನು ಎತ್ತಿ ಹಿತ್ತಲಿಗೆ ಒಗೆದ. ಅದರಲ್ಲಿ ಮಳೆನೀರು ತುಂಬಿತು. ಅದಾದ ಮೇಲೆ ಅವನು ಕೂಸಿನೊಡನೆ ಮಾತಾಡುತ್ತಿದ್ದ, ಮಗಳೊಡನೆ ಮಾತಾಡುತ್ತಿದ್ದ. ಗಂಗೆಯೊಡನೆ ಬೇಕಾದಷ್ಟೇ.

ಮರುದಿನ ಬೆಳಿಗ್ಗೆ ಗಂಗೆ ಮುಂದಿನ ಕೋಣೆಗೆ ಬಂದಳು. ಒಲೆಯ ಮೇಲೆ ಅಂದು ಉಕ್ಕಿದ ಚಹಾ ಹಾಗೇ ಒಣಗಿ ಅಂಟಿತ್ತು. ಅದನ್ನು ತಿಕ್ಕಿ ತೆಗೆದು, ಗಿಳಿಗಳ ಬಟ್ಟೆಯನ್ನು ಮಡಿಸಿ ಕಿಟಕಿಯಲ್ಲಿಟ್ಟಳು. ಇನ್ನು ಅದು ಬೇಕಾಗಿರಲಿಲ್ಲ. ಗಂಜಿಯ ಪಾತ್ರೆ ಇಟ್ಟು ಲೈಟರು ಒತ್ತಿದಳು.

ಮೂಲೆಯ ಹಾಸಿಗೆಯಿಂದ ರೋಹಿಣಿ ಎದ್ದಳು. ಬಾಗಿಲ ಹಿಂದಿನ ತನಕ ನಾಲ್ಕು ಹೆಜ್ಜೆಗೆ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಚಾಪೆ ಎಳೆದಳು, ಹಾಸಿದಳು, ಮೂಲೆ ಸರಿಮಾಡಿದಳು. ಹೊಸ್ತಿಲಿನಿಂದ ಹೊರಗೆ ಇಣುಕಿದಳು. ಓಣಿಯಲ್ಲಿ ಯಾರೂ ಇರಲಿಲ್ಲ.

"ಯಾರು ಬಂದಾರವ್ವಾ?"

"ಯಾರೂ ಬಂದಿಲ್ಲ ನನ್ನವ್ವ. ನಿನಗ ಗಂಜಿ ಮಾಡಾಕತ್ತೀನಿ. ಕುಂದರು ಅಲ್ಲೇ."

ಮಗು ಒಲೆಯನ್ನು ನೋಡಿತು, ನೀಲಿ ಉರಿಯನ್ನು ನೋಡಿತು. ಚಾಪೆಯ ಮೇಲೆ ಕೂರಲಿಲ್ಲ. ಅದನ್ನು ಬಿಟ್ಟು ಬರಿ ನೆಲದ ಮೇಲೆ ಹಸಿರು ಫ್ರಾಕನ್ನು ಮೊಣಕಾಲಿಗೆ ಎಳೆದುಕೊಂಡು ಕುಳಿತಿತು.

"ಸಣ್ಣ ಮಾಡವ್ವ," ಅಂದಿತು, ನಡುವೆ ಉಸಿರು ಎಳೆದುಕೊಂಡು, "ಗ್ಯಾಸ ತೀರ್ತೈತಿ."

ಗಂಗೆ ಉತ್ತರ ಕೊಡಲು ತಿರುಗಿದಳು. ಅಷ್ಟರಲ್ಲೇ ಅವಳ ಕೈ ತಾನಾಗಿ ಗುಂಡಿಯ ಮೇಲೆ ಹೋಗಿ ಉರಿಯನ್ನು ಸಣ್ಣ ಮಾಡಿತ್ತು.