ನೀಲಿ ಹೊದಿಕೆಯ ಮುದ್ರೆ ಪುಸ್ತಕ

ಒಸಾಕಾದವರ ಬಾಯಿಗೆ ಬೀಗವಿಲ್ಲ ಎಂದು ಜಪಾನೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಈ ಊರಿನ ಪ್ರವಾಸಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಮೈಕು ಹಿಡಿದು ಅನ್ನ ತಿಂದವಳು ನಾನು, ಕುವಾಬಾರಾ ಶಿಜುಎ. ಬಾಯಿ ಜೋರಿರುವವರಿಂದ ನನಗೆ ಎಂದೂ ತೊಂದರೆಯಾಗಿಲ್ಲ. ಪ್ರಾಣ ಹಿಂಡಿದವರೆಲ್ಲ ಬಾಯಿ ಬಿಡದ ಮರ್ಯಾದಸ್ಥರೇ.

ಆ ದಿನ ಫುಕುಯಿ ಕಡೆಯಿಂದ ಬಂದ ಇಪ್ಪತ್ತೆರಡು ಜನ ಹಿರಿಯರು ನನ್ನ ಬಸ್ಸಿನಲ್ಲಿದ್ದರು. ಬೆಳಿಗ್ಗೆ ಮೊದಲು ಶಿತೆನ್ನೋಜಿ ಬೌದ್ಧ ಗುಡಿ. ಗುಡಿಗೆ ಹೋದವರು ಮುದ್ರೆ ಪುಸ್ತಕ ಒಯ್ಯುವುದು ನಮ್ಮಲ್ಲಿ ವಾಡಿಕೆ. ಪುಟಕ್ಕೊಂದು ಗುಡಿ, ಕುಂಚದಲ್ಲಿ ಹೆಸರು ಬರೆದು ಕೆಂಪು ಮುದ್ರೆ ಒತ್ತಿಕೊಡುತ್ತಾರೆ. ಎಲ್ಲರೂ ಸಾಲು ನಿಂತರೆ ಅರ್ಧ ದಿನ ಅಲ್ಲೇ ಹೋಗುತ್ತದೆಂದು ಪುಸ್ತಕಗಳನ್ನು ಒಟ್ಟುಮಾಡಿ ಮುದ್ರೆ ಹಾಕಿಸಿ ತರುವುದು ಗೈಡುಗಳ ಕೆಲಸ.

ಹೊಸೊಮಿ ಎಂಬ ಎಪ್ಪತ್ತೆಂಟರ ಯಜಮಾನರು ನೀಲಿ ಜರಿ ಹೊದಿಕೆಯ ಪುಸ್ತಕವೊಂದನ್ನು ಎರಡೂ ಕೈಯಿಂದ ನನಗೆ ಕೊಟ್ಟರು. ಅದು ಅವರ ಹೆಂಡತಿ ಕಿನುಯೋ ಅವರದಂತೆ. ಗಂಡ ಹೆಂಡಿರು ಮೂವತ್ತು ವರ್ಷ ಊರೂರು ಸುತ್ತಿ ತುಂಬಿಸಿದ್ದು, ಉಳಿದದ್ದು ಕೊನೆಯ ಒಂದೇ ಪುಟ. ಆಕೆ ಈಗ ಹೃದಯದ ಕಾಯಿಲೆಯಾಗಿ ಆಸ್ಪತ್ರೆಯಲ್ಲಿದ್ದಾರೆ. ಆಪರೇಷನ್ ಮಾಡಿದರೆ ಉಳಿಯುತ್ತಾರೆಂದು ಡಾಕ್ಟರು ಹೇಳಿದರೂ ಒಪ್ಪುತ್ತಿಲ್ಲ. ಸಾಕು, ಪುಸ್ತಕ ತುಂಬಿಸಿಕೊಂಡು ಬಂದು ನನ್ನ ಶವಪೆಟ್ಟಿಗೆಯಲ್ಲಿ ಇಟ್ಟುಬಿಡಿ ಎಂದು ಗಂಡನನ್ನು ಕಳಿಸಿದ್ದಾರೆ. ಸತ್ತವರ ಜೊತೆ ಈ ಪುಸ್ತಕ ಇಟ್ಟರೆ ಅಲ್ಲಿಯ ಬಾಗಿಲು ತೆರೆಯುತ್ತದೆಂಬ ನಂಬಿಕೆ ನಮ್ಮದು. ಅವರು ಇದನ್ನೆಲ್ಲ ನಗುನಗುತ್ತಲೇ ಹೇಳಿದರು.

ಅಷ್ಟೆಲ್ಲ ಕೇಳಿಯೂ ನಾನು ಮಾಡಿದ ಘನಕಾರ್ಯ ನೋಡಿ. ಮುದ್ರೆಯಾದ ಪುಸ್ತಕಗಳನ್ನು ಮುದ್ರೆ ಕೌಂಟರಿನ ಕಟ್ಟೆಯ ಮೇಲೆ ಹರಡಿ, ಎಣಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿದೆ. ಪಕ್ಕದಲ್ಲೇ ಒಬ್ಬ ಹುಡುಗಿ ಅದೇ ನೀಲಿ ಹೊದಿಕೆಯ ತನ್ನ ಪುಸ್ತಕ ಇಟ್ಟುಕೊಂಡು ನಿಂತಿದ್ದಳು. ಲೆಕ್ಕ ಇಪ್ಪತ್ತೆರಡು ಸರಿಯಾಗಿಯೇ ಇತ್ತು. ಆದರೆ ಗಂಟಿಗೆ ಬಂದದ್ದು ಅವಳದು, ಕಟ್ಟೆಯ ಮೇಲೆ ಉಳಿದದ್ದು ಕಿನುಯೋ ಅವರದು. ಪುಸ್ತಕದವರ ಹೆಸರಿರುವುದು ಹಿಂದಿನ ರಟ್ಟಿನ ಒಳಬದಿಯಲ್ಲಿ. ಇನ್ನೊಬ್ಬರ ಮುದ್ರೆ ಪುಸ್ತಕ ತೆರೆಯುವುದೆಂದರೆ ಇನ್ನೊಬ್ಬರ ಕಾಗದ ಓದಿದ ಹಾಗೆ. ಹಾಗಾಗಿ ಹೊದಿಕೆ ನೋಡಿಯೇ ಎಲ್ಲರಿಗೂ ಹಂಚಿದೆ.

ಆಮೇಲೆ ಊರು ಸುತ್ತಿದೆವು. ತ್ಸೂತೆನ್‌ಕಾಕು ಗೋಪುರದ ಮೇಲೆ ಬಿಲಿಕೆನ್ ಎಂಬ ಅದೃಷ್ಟದ ದೇವರ ಅಂಗಾಲು ಉಜ್ಜಿ ಎಲ್ಲರೂ ಬೇಡಿಕೊಂಡರು, ಹೊಸೊಮಿಯವರು ಮೂಲೆಯಲ್ಲಿ ನಿಂತಿದ್ದರು. ದೋತೋಂಬೊರಿಯ ಕಾಲುವೆ ದಂಡೆಯಲ್ಲಿ ಆಕ್ಟೋಪಸ್ ತುಂಡು ತುಂಬಿದ ಬಿಸಿಬಿಸಿ ತಾಕೊಯಾಕಿ ಉಂಡೆ ತಿನ್ನುತ್ತ ಎಲ್ಲರೂ ನಾಲಿಗೆ ಸುಟ್ಟುಕೊಂಡರು, ಇವರ ತಟ್ಟೆ ಹಾಗೇ ಆರಿತು. ಯಜಮಾನ್ರೆ, ಹೋಟೆಲಿನ ಮೇಲಿನ ಆ ಯಂತ್ರದ ಏಡಿ ಕಚ್ಚಿತಾ ಎಂದು ಛೇಡಿಸಿದೆ. ತಲೆ ಬಾಗಿಸಿ ನಕ್ಕರು. ಒಸಾಕಾ ಕೋಟೆಯಲ್ಲೂ ಅಷ್ಟೆ. ಹೆಂಡತಿಯ ಚಿಂತೆ ಪಾಪ ಎಂದುಕೊಂಡೆ.

ಕೊನೆಗೆ ಉಮೆದಾದ ಗಗನಚುಂಬಿ ಕಟ್ಟಡ. ಎಲ್ಲರನ್ನೂ ಮಾಳಿಗೆಗೆ ಹತ್ತಿಸಿ, ಒಂದು ಗಂಟೆ ಬಿಡುವು ಕೊಟ್ಟು ಇಳಿದು ಬಂದರೆ ಹೊಸೊಮಿಯವರು ಬಸ್ಸಿನಲ್ಲೇ ಕೂತಿದ್ದರು. ತೊಡೆಯ ಮೇಲಿನ ಪುಸ್ತಕ ತೆರೆದಿತ್ತು. ಅದರಲ್ಲಿ ಮುದ್ರೆ ಇದ್ದದ್ದು ಮೂರೇ ಪುಟಕ್ಕೆ.

"ಯಾವಾಗ ಗೊತ್ತಾಯ್ತು?" ಎಂದೆ.

"ನೀವು ಕೊಟ್ಟ ತಕ್ಷಣ."

"ಬೆಳಿಗ್ಗೆನೇ? ಮತ್ತೆ ಬಾಯಲ್ಲೇನು ಕಡುಬು ಇತ್ತಾ, ಯಜಮಾನ್ರೆ?"

"ಎಲ್ಲರೆದುರು ಹೇಳಿದ್ರೆ ನಿಮಗೆ ಅವಮಾನ ಆಗ್ತಿತ್ತು, ಗೈಡಮ್ಮ. ಅಷ್ಟು ಖುಷಿಯಾಗಿ ಕೋಟೆ ಕಥೆ ಹೇಳ್ತಾ ಇದ್ರಿ."

ಹಿರಿಯರೆಂದೂ ನೋಡದೆ ಬೈದೆ. ಬೈಯುತ್ತಲೇ ತೋಳು ಹಿಡಿದು ಎಬ್ಬಿಸಿದೆ. ಗಂಟೆ ಮೂರೂ ಮುಕ್ಕಾಲು, ಮುದ್ರೆಯ ಕೌಂಟರು ಮುಚ್ಚುವುದು ನಾಲ್ಕೂವರೆಗೆ. ಗುಡಿಗೆ ಫೋನ್ ಮಾಡಿದರೆ ಎಂಗೇಜ್. ನಮ್ಮ ಜನರನ್ನು ನೋಡಿಕೊಳ್ಳಲು ಡ್ರೈವರ್ ಕದೊವಾಕಿಗೆ ಹೇಳಿ ಮೆಟ್ರೋ ಹತ್ತಿದೆವು. ನಿಲ್ದಾಣ ನಿಲ್ದಾಣಕ್ಕೂ ಬೇಡಿಕೊಂಡೆ. ಬೆಳಿಗ್ಗೆ ಪಕ್ಕದಲ್ಲಿ ನಿಂತಿದ್ದ ಆ ಹುಡುಗಿ ಯಾವ ಊರಿನವಳೋ, ಪುಸ್ತಕ ಹಿಡಿದು ಯಾವ ರೈಲು ಹತ್ತಿದಳೋ. ಹೆಂಡತಿಗೆ ಏನು ಹೇಳುತ್ತೀರಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವರೇ ಮೆಲ್ಲಗೆ ಹೇಳಿದರು: "ಅವಳು ನನ್ನನ್ನ ಕೇಳಿದ್ದು ಇದೊಂದೇ."

ನಾಲ್ಕೂಕಾಲಿಗೆ ಗುಡಿಯ ಅಂಗಳಕ್ಕೆ ಓಡಿದೆವು. ಆಮೆಗಳ ಕೊಳದ ಪಕ್ಕದ ಬೆಂಚಿನ ಮೇಲೆ, ನೀಲಿ ಪುಸ್ತಕವನ್ನು ಎದೆಗವಚಿಕೊಂಡು ಆ ಹುಡುಗಿ ಕೂತಿದ್ದಳು. ನಮ್ಮನ್ನು ಕಂಡದ್ದೇ ಎದ್ದು ಸೊಂಟ ಮುರಿಯುವಷ್ಟು ಬಾಗಿದಳು. ಹೆಸರು ಸಕಾನಿವಾ ರುಯಿ. ಯಾರದೆಂದು ತಿಳಿಯಲು ಒಳಗೆ ತೆರೆದು ನೋಡಿದ್ದಕ್ಕೆ ಕ್ಷಮಿಸಬೇಕಂತೆ. ಕೌಂಟರಿನವರಿಗೆ ಹೇಳಿದರೆ ತಪ್ಪು ತಮ್ಮದೇ ಎಂದು ಅವರು ನೊಂದುಕೊಳ್ಳುತ್ತಾರೆಂದು ಯಾರಿಗೂ ಹೇಳದೆ, ಬೆಳಗಿನಿಂದ ಊಟವಿಲ್ಲದೆ ಕಾದಿದ್ದಾಳೆ.

"ಕೊನೆ ಪುಟ ತುಂಬಿತ್ತು," ಎಂದಳು. "ಇಂಥದ್ದನ್ನ ಬಿಟ್ಟವರು ಬರದೇ ಇರಲ್ಲ ಅಂತ ಕೂತೆ."

ಇವಳೂ ಅದೇ ಜಾತಿ. ಇಬ್ಬರು ಮರ್ಯಾದಸ್ಥರ ನಡುವೆ ಸಿಕ್ಕಿ ನಾನು ಹಣ್ಣಾದೆ. ಆದರೂ ಎದೆಯ ಮೇಲಿನ ಕಲ್ಲು ಇಳಿದಿತ್ತು; ಅವಳನ್ನು ಬಾಚಿ ತಬ್ಬಿಕೊಂಡೆ. ಹುಡುಗಿ ಗಾಬರಿಯಾದಳು.

ಹೊಸೊಮಿಯವರು ಪುಸ್ತಕ ಬದಲಿಸಿಕೊಂಡು ಅಲ್ಲೇ ನಿಂತು ಹೆಂಡತಿಗೆ ಫೋನ್ ಮಾಡಿದರು. ಮುದ್ರೆ ಹಾಕಿಸಿದೆ ಎಂದರು. ಕಳೆದದ್ದು ಸಿಕ್ಕಿದ್ದು ಯಾವುದನ್ನೂ ಹೇಳಲಿಲ್ಲ. ಆಚೆಯಿಂದ ಏನೋ ಕೇಳಿರಬೇಕು, ತಬ್ಬಿಬ್ಬಾಗಿ ನನ್ನತ್ತ ನೋಡಿದರು. "ಇವತ್ತು ಏನೇನು ನೋಡಿದ್ರಿ ಅಂತಾಳೆ. ನಾನು ಏನೂ ನೋಡ್ಲಿಲ್ಲವಲ್ಲ, ಗೈಡಮ್ಮ."

ಫೋನ್ ಕಿತ್ತುಕೊಂಡೆ. ಕೊಳದ ದಂಡೆಯಲ್ಲಿ ನಿಂತು, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಆ ತಾಯಿಗೆ ಇಡೀ ಊರು ತೋರಿಸಿದೆ: ದೇವರ ಸವೆದ ಅಂಗಾಲು, ನಾಲಿಗೆ ಸುಟ್ಟುಕೊಂಡ ಫುಕುಯಿಯವರು, ಕಾಲಾಡಿಸುವ ಆಳೆತ್ತರದ ಏಡಿ. ಕೋಟೆಗೆ ಬಂದಾಗ, ಹೊರಗಿನಿಂದ ಎಷ್ಟು ಗತ್ತಿದ್ದರೂ ಒಳಗೆ ಲಿಫ್ಟ್ ಇಟ್ಟಿದ್ದಾರೆ, ನಮ್ಮ ಊರಿನವರಿಗೇ ಅದು ನಗೆಪಾಟಲು ಎಂದೆ.

"ಲಿಫ್ಟ್ ಇದ್ಯಾ?" ಎಂದಿತು ಸಣ್ಣ ಧ್ವನಿ. "ಮೂವತ್ತು ವರ್ಷ ಈ ಮನುಷ್ಯ ನನ್ನನ್ನ ಬೆಟ್ಟದ ಮೆಟ್ಟಿಲೇ ಹತ್ತಿಸಿದ್ರು. ಲಿಫ್ಟ್ ಇರೋ ಜಾಗ ಒಂದಾದ್ರೂ ತೋರಿಸಿದ್ರೆ ಕೇಳಿ." ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ನಕ್ಕರು. ಆಮೇಲೆ ಅವರಿಗೆ ಕೊಡಿ ಎಂದರು.

ಹೊಸೊಮಿಯವರು ಬಹಳ ಹೊತ್ತು ಹೂಂ, ಹೂಂ ಎನ್ನುತ್ತ ಕೇಳಿದರು. ಫೋನ್ ಇಟ್ಟವರೇ ಸರಸರ ಕೌಂಟರಿನ ಕಡೆ ನಡೆದರು. ಮುಚ್ಚಲು ಇನ್ನು ಎರಡು ನಿಮಿಷ. ಹೊಸದೊಂದು ಮುದ್ರೆ ಪುಸ್ತಕ ಕೊಂಡರು. ಬರೆಯುವಾತ ಕುಂಚ ಅದ್ದಿ ಮೊದಲ ಪುಟ ಬಿಡಿಸಿದ. ಹೊಸೊಮಿಯವರು ಅದರ ಮೇಲೆ ಕೈ ಇಟ್ಟರು.

"ಖಾಲಿ ಬಿಡಿ, ಸ್ವಾಮಿ," ಎಂದರು. "ಆಪರೇಷನ್ ಆದ್ಮೇಲೆ ಅವಳೇ ಬಂದು ಹಾಕಿಸ್ಕೊಳ್ತಾಳಂತೆ."