ಮೈಕ್‌ಸೆಟ್ಟಿನವರ ಹೆಂಡತಿ ಹಾಡಕಿಗೆ ಹೋದದ್ದು

ನನ್ನ ಗಂಡನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಮುಚ್ಚಿಟ್ಟು ಏನಾಗಬೇಕು? ಸಿಂದಗಿಯಲ್ಲಿ ಶ್ರೀಶೈಲ ಮೈಕ್‌ಸೆಟ್ ಎಂದರೆ ಯಾರು ಬೇಕಾದರೂ ನಮ್ಮ ಮನೆ ತೋರಿಸುತ್ತಾರೆ. ಇಂಡಿ ಊರಿನ ಉರುಸಿನಲ್ಲಿ ಕವ್ವಾಲಿ, ಮುದ್ದೇಬಿಹಾಳದ ಮದುವೆಯಲ್ಲಿ ಆರ್ಕೆಸ್ಟ್ರಾ, ಬಾಗೇವಾಡಿ ಕಡೆ ಭಜನೆ, ಮೊಹರಂ ಪದ, ಡೊಳ್ಳಿನ ಪದ, ಎಲ್ಲದಕ್ಕೂ ಮೊದಲು ಹೋಗುವವರು ಇವರೇ, ಕೊನೆಗೆ ಏಳುವವರೂ ಇವರೇ. ನಾನು ಮಾತ್ರ ಹೊಲಿಗೆ ಮಷೀನಿನ ಮುಂದೆ ಕೂತು ಊರ ಮಂದಿಯ ಜಂಪರು ಹೊಲಿಯಬೇಕು.

ಹಾಡಿನ ಹುಚ್ಚು ಇರುವುದಾದರೂ ಯಾರಿಗೆ? ನನಗೆ. ಮಷೀನಿನ ಪಕ್ಕದಲ್ಲಿ ಫೋನು ಹಾಡುತ್ತಲೇ ಇರಬೇಕು. ನನ್ನ ಗೆಳತಿ ನಿಷತ ಬಸವನ ಬಾಗೇವಾಡಿಯಲ್ಲಿದ್ದಾಳೆ, ಮುದ್ದೇಬಿಹಾಳದ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಅವಳು ಒಂದು ಹಾಡು ಕಳಿಸಿದರೆ ನಾನೊಂದು ಕಳಿಸಬೇಕು. ಯಾವುದೋ ಮರಳುಗಾಡಿನವರ ಗಿಟಾರು, ಬಿಳಿ ಹೆಂಗಸರೆಲ್ಲ ಸಾಲಾಗಿ ನಿಂತು ಹಾಡುವ ಅರ್ಥವಾಗದ ಹಾಡು. ಒಮ್ಮೆ ಹಳೇ ಸೀರೆ ಹರಿದ ಹಾಗೆ ಕಿರಿಚುವ ಇಂಗ್ಲಿಷ್ ಹಾಡು ಕಳಿಸಿದಳು. 'ಇದೇನವಾ ಗದ್ದಲ' ಎಂದು ಬೈದೆ. ಮರುದಿನ ನಾನೇ ಅದನ್ನು ಮತ್ತೆ ಹಚ್ಚಿಕೊಂಡು ಎರಡು ಜಂಪರು ಮುಗಿಸಿದೆ.

ನಮ್ಮವರೂ ಪಾಪ, ಹೋದಲ್ಲೆಲ್ಲ ನನಗಾಗಿ ಹಾಡು ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ಮೈಕುಗಳ ದನಿ ಕೂಡಿಸುವ ಮಿಕ್ಸರ್ ಪೆಟ್ಟಿಗೆಗೆ ನೇರ ವೈರು ಹಚ್ಚಿ ಮಾಡಿದ್ದು. ಮುಂಜಾನೆ ಚಹಾ ಕುಡಿಯುತ್ತ ಅದನ್ನು ಕೇಳುವುದೇ ನಮ್ಮಿಬ್ಬರ ಸಂಸಾರದ ಮಾತುಕತೆ. ಬೇರೆ ಮಾತಿಗೆ ಅವರಿಗೆ ತ್ರಾಣ ಎಲ್ಲಿ ಉಳಿದಿರುತ್ತಿತ್ತು? ಆದರೆ ಆ ರೆಕಾರ್ಡಿಂಗಿನಲ್ಲಿ ಹಾಡೊಂದೇ ಇರುತ್ತಿತ್ತು. ಚಪ್ಪಾಳೆ ಇಲ್ಲ, ಕೂಸು ಅಳುವುದಿಲ್ಲ, 'ವ್ಹಾ' ಅನ್ನುವವರಿಲ್ಲ.

"ಇದರಾಗ ಮಂದೀನ ಇಲ್ಲಲ್ರಿ," ಎಂದೆ ಒಮ್ಮೆ.

"ಮಂದಿ ಯಾಕ ಬೇಕು? ಸ್ವಚ್ಛ ಬಂದೈತಿ, ಕೇಳು," ಎಂದು ಅವರು ಬಚ್ಚಲಿಗೆ ಹೋದರು.

ನಾನು ಎಲ್ಲಿಗೂ ಹೋಗಿಯೇ ಇಲ್ಲ ಅಂತಲ್ಲ. ಓಣಿಯ ಭಜನೆಗೆ ಹೋಗಿದ್ದೇನೆ, ಮಠದ ಕಾರ್ಯಕ್ರಮಕ್ಕೆ ಹೋಗಿದ್ದೇನೆ. ಎಲ್ಲ ಕಡೆಯಿಂದಲೂ ಅರ್ಧಕ್ಕೆ ಎದ್ದು ಬಂದಿದ್ದೇನೆ. ಅತ್ತೆಗೆ ಗುಳಿಗೆ ಕೊಡಬೇಕು, ರೊಟ್ಟಿ ಬಡಿಯಬೇಕು, ಮಕ್ಕಳು ಚಿಕ್ಕವರಿದ್ದಾಗ ಅವರನ್ನು ಮಲಗಿಸಬೇಕು. ಹಾಡುವವರ ಗಂಟಲು ಬಿಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ನಾನು ಚಪ್ಪಲಿ ಹುಡುಕುತ್ತಿರುತ್ತಿದ್ದೆ. ಒಂದೇ ಒಂದು ಸಲ ಎದುರಿಗೆ ಕೂತು, ಕೊನೆಯ ಪದದವರೆಗೆ ಕೇಳಬೇಕು. ನನ್ನ ಆಸೆ ಅಷ್ಟೇ ಆಗಿತ್ತು.

ಹೀಗಿರುವಾಗ ನಿಷತ ಅಣ್ಣನ ಜೊತೆ ಸೊಲ್ಲಾಪುರಕ್ಕೆ ಕವ್ವಾಲಿ ಕೇಳಲು ಹೋಗಿಬಂದಳು. ಬಂದವಳೇ ಫೋನಿನಲ್ಲಿ ಮಾತು ತುಂಬಿ ಕಳಿಸಿದಳು. "ವಿಜೀ, ಇದು ಫೋನಿನ್ಯಾಗ ಕೇಳೂದಲ್ಲವಾ. ಅವರು ತಬಲಾ ಹೊಡದ್ರ ನಮ್ಮ ಎದಿ ಒಳಗ ಬಡೀತೈತಿ. ಬಾಜೂಕ ಕುಂತ ಮುದುಕಿ ಯಾರೋ ಏನೋ, ನನ್ನ ಕೈ ಹಿಡ್ಕೊಂಡು ಅತ್ಳು."

ಅದನ್ನು ಮತ್ತೆ ಮತ್ತೆ ಹಚ್ಚಿ ಕೇಳಿದೆ. ಅವತ್ತು ಚಹಾ ಕೊಡುವಾಗ ಹೇಳಿಯೇಬಿಟ್ಟೆ. "ಇನ್ನ ಮ್ಯಾಲ ನನಗ ಏನೂ ತರಬ್ಯಾಡ್ರಿ. ನೀವು ಉಂಡು ಕೈ ತೊಳ್ಕೊಂಡು ಬರ್ತೀರಿ, ನಾ ವಾಸನಿ ಕುಡೀಬೇಕೇನು? ಕರ್ಕೊಂಡು ಹೋಗೂದಿದ್ರ ಕರ್ಕೊಂಡು ಹೋಗ್ರಿ."

ಮರುದಿನದಿಂದ ಮುಂಜಾನೆ ಚಹಾ ಮಾತ್ರ ಉಳಿಯಿತು, ಹಾಡು ನಿಂತಿತು. ಇಬ್ಬರೂ ಬಸಿ ನೋಡುತ್ತ ಕುಡಿದು ಏಳುತ್ತಿದ್ದೆವು.

ತಿಂಗಳೊಪ್ಪತ್ತಿನಲ್ಲಿ ಇವರ ಜೊತೆಗಾರ ಕಾಂತು ಬೇರೆ ಕೆಲಸ ಹಿಡಿದು ಬಿಟ್ಟುಹೋದ. ಝಳಕಿಯಲ್ಲಿ ಬೀರಪ್ಪನ ಗುಡಿಯ ಮುಂದೆ ಹಗಲು ಡೊಳ್ಳಿನ ಹಾಡಕಿ ಇತ್ತು. ಅತ್ತೆ ಮಗಳ ಊರಿಗೆ ಹೋಗಿದ್ದರು. "ವೈರ ಸುತ್ತಾಕರ ಬಾ," ಎಂದರು ಇವರು. ಕರೆಯುವ ಚಂದ ನೋಡಿ! ಆದರೂ ನಾನು ಹೊಸ ಇಳಕಲ್ಲ ಸೀರೆ ಉಟ್ಟೆ. ಸ್ಪೀಕರ್ ಪೆಟ್ಟಿಗೆ ಹೊತ್ತ ನಮ್ಮ ಟಂಟಂ ಗಾಡಿಯಲ್ಲಿ ಸೀರೆಯ ಸೆರಗಿಗೆ ಗ್ರೀಸ್ ಹತ್ತಿತು. ಹತ್ತಿದರೆ ಹತ್ತಲಿ ಎಂದುಕೊಂಡೆ.

ಹಾಡಕಿ ಅಂದರೆ ಎರಡು ಮೇಳ ಎದುರುಬದುರು. ಒಂದು ಮೇಳ ಪದದಲ್ಲೇ ಪ್ರಶ್ನೆ ಹಾಕಬೇಕು, ಇನ್ನೊಂದು ಪದದಲ್ಲೇ ಉತ್ತರ ಕೊಡಬೇಕು. ನಾನು ಹೆಂಗಸರ ನಡುವೆ ಮುಂದೆಯೇ ಕೂತೆ. ಡೊಳ್ಳು ಎದ್ದಾಗ ನಿಷತ ಹೇಳಿದ್ದು ಸುಳ್ಳಲ್ಲ ಅನಿಸಿತು, ಕೂತ ನೆಲವೇ ನಡುಗಿತು. ಮಧ್ಯಾಹ್ನದ ಹೊತ್ತಿಗೆ ಒಂದು ಮೇಳದವರು ಪ್ರಶ್ನೆ ಎಸೆದರು. ಶಿವ ಮೊದಲ ಸಲ ಡಮರು ಬಾರಿಸಿದಾಗ ಭೂಮಿಯೇ ಹುಟ್ಟಿರಲಿಲ್ಲ, ಹಾಗಾದರೆ ಅದನ್ನು ಕೇಳಿದವರು ಯಾರು? ಮಂದಿ ಹೋ ಎಂದು ಎದ್ದರು. ನನಗೆ ಮೈ ಜುಂ ಅಂದಿತು. ಉತ್ತರ ಊಟವಾದ ಮೇಲೆ.

ಆಗಲೇ ಸ್ಪೀಕರ್ ಕುಂಯ್ ಎಂದಿತು. ಹಾಡಕಿ ಇಡಿಸಿದ ಊರ ಹಿರಿಯ ಹಣಮಂತ್ರಾಯ ಮೈಕಿನಲ್ಲೇ ಕೂಗಿದರು. "ಏ ಮೈಕ್‌ಸೆಟ್ಟ್ಯಾ, ಎಲ್ಲಿ ಸತ್ತಿಯೋ?" ಮಂದಿ ನಕ್ಕರು. ಇವರು ಜನರೇಟರಿನ ಕಡೆಯಿಂದ ಲುಂಗಿ ಎತ್ತಿ ಕಟ್ಟಿಕೊಂಡು ಓಡಿಬಂದರು, ವೈರು ಜಗ್ಗಿದರು, ಮತ್ತೆ ಓಡಿದರು. ಮುಂಜಾನೆಯಿಂದ ಎಷ್ಟು ಸಲ ಹೀಗೆ ಓಡಿದ್ದರೋ, ನಾನು ನೋಡಿರಲಿಲ್ಲ. ನನ್ನ ಮುಖ ಹಾಡುವವರ ಕಡೆಗಿತ್ತು.

ರೊಟ್ಟಿ, ಹುಗ್ಗಿ ಹಾಕಿಸಿಕೊಂಡು ಮಿಕ್ಸರ್ ಹತ್ತಿರ ಹೋದೆ. ಇವರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಗುಂಡಿಗಳನ್ನೇ ನೋಡುತ್ತ ಕೂತಿದ್ದರು.

"ಆ ಪ್ರಶ್ನಿ ಹೆಂಗಿತ್ರಿ? ಭಾರಿ ಹಾಕಿದ್ರಲ್ಲ!"

"ಯಾವ ಪ್ರಶ್ನಿ?"

"ಅಯ್ಯ! ಇಡೀ ಮಂದಿ ಎದ್ದು ನಿಂತಿತ್ತು!"

"ಹಾಡು ಕೇಳ್ಕೋತ ಕುಂತ್ರ ಪೆಟ್ಟಿಗಿ ಸುಡ್ತಾವ ವಿಜೀ. ನಾ ಬರೇ ಸದ್ದು ಕೇಳ್ತೇನಿ. ಹಾಡು ಕೇಳೂದು ಬಿಟ್ಟು ಭಾಳ ದಿವಸ ಆತು."

"ಎಷ್ಟು ದಿವಸ?"

ರೊಟ್ಟಿ ಮುರಿಯುತ್ತ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. "ನಮ್ಮ ಲಗ್ನಕ್ಕಿಂತ ಮೊದಲ ಇರಬೇಕು. ನೆನಪಿಲ್ಲ ಬಿಡು."

ಉಂಡು ಬರುತ್ತಾರೆ ಎಂದು ನಾನು ಉರಿದುಕೊಂಡಿದ್ದು ಈ ಮನುಷ್ಯನ ಮೇಲೆ. ಇವರು ಊರೂರಿಗೆ ಬಡಿಸಿ ಉಪವಾಸ ಮನೆಗೆ ಬರುತ್ತಿದ್ದರು. ಸಿಟ್ಟೂ ಬಂತು. ಒಂದು ದಿನವಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ?

ಉತ್ತರ ಕೊಡುವ ಮೇಳ ಡೊಳ್ಳು ಬಿಗಿಮಾಡುತ್ತಿತ್ತು. ಹೆಂಗಸರು "ಬಾರವಾ, ಜಾಗಾ ಹಿಡದೇವಿ," ಎಂದು ನನಗೆ ಕೈ ಮಾಡಿದರು.

"ಏಳ್ರಿ," ಎಂದೆ ಇವರಿಗೆ. "ಹೋಗಿ ನನ್ನ ಜಾಗಾದಾಗ ಕುಂಡ್ರಿ."

"ಹುಚ್ಚಿ ಏನು? ಇದನ್ನ ಯಾರು ನೋಡಬೇಕು?"

"ನಾ ನೋಡ್ತೇನಿ. ಏನು ಮಾಡಬೇಕು, ಹೇಳ್ರಿ."

"ಕೆಂಪು ಲೈಟ್ ಹತ್ತಿದ್ರ ಈ ಗುಂಡಿ ಇಳಸು. ಮತ್ತೇನಿಲ್ಲ. ಆದ್ರ ಕಣ್ಣು ತಗೀಬ್ಯಾಡ."

ಹೆಂಗಸರ ನಡುವೆ ಹೇಗೆ ಕೂರುವುದು ಎಂದು ನಾಚಿ, ಅಲ್ಲೇ ಬದಿಯ ಕಂಬಕ್ಕೆ ಒರಗಿ ಕೂತರು. ಡೊಳ್ಳು ಎದ್ದಿತು. ಮೇಳದವರು ದನಿ ತೆಗೆದರು. ನಾನು ಗುಂಡಿ ಹಿಡಿದು ಲೈಟು ನೋಡುತ್ತ ಕೂತೆ. ಮಂದಿ ಒಮ್ಮೆ ನಕ್ಕರು, ಒಮ್ಮೆ ಸುಮ್ಮನಾದರು, ಮತ್ತೊಮ್ಮೆ ಹೋ ಎಂದರು. ಉತ್ತರ ಏನು ಬಂತೋ ದೇವರಿಗೇ ಗೊತ್ತು. ಒಂದು ಸಾಲೂ ನನ್ನ ಕಿವಿಗೆ ಇಳಿಯಲಿಲ್ಲ.

ಒಂದೇ ಒಂದು ಸಲ ಕಣ್ಣು ತೆಗೆದೆ. ಇವರು ಹೇಗೆ ಕೇಳುತ್ತಿದ್ದಾರೆ ನೋಡೋಣ ಎಂದು. ಬಾಯಿ ತೆರೆದು, ಕುತ್ತಿಗೆ ವಾಲಿಸಿ, ಅಷ್ಟು ದೊಡ್ಡ ಡೊಳ್ಳಿನ ಎದುರಿಗೆ ಗಾಢ ನಿದ್ದೆ ಹೋಗಿದ್ದರು. ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಹಣಮಂತ್ರಾಯ ಜನರ ನಡುವಿನಿಂದ ನುಗ್ಗಿ ಬಂದರು. "ಎಲ್ಲಿ ಅದಾನ ಅವಾ? ಆ ಕಡೆ ಪೆಟ್ಟಿಗಿ ಕೇಳಸವಲ್ದು, ಕರೀ ಅವನ್ನ!"

"ಹೇಳ್ರಿ, ನಾ ಬರ್ತೇನಿ," ಎಂದು ಎದ್ದೆ. "ಅವರು ಹಾಡು ಕೇಳಾಕತ್ತಾರ. ಎಬ್ಬಸಬ್ಯಾಡ್ರಿ."